1542: ಭಟ್ಕಳದ ಬೆಂಕಿ ಮತ್ತು ನಮ್ಮ ಸ್ಮರಣೆಯ ಹೊಣೆ

ಧರ್ಮಸಭೆಯ ಇತಿಹಾಸದ ತರಗತಿಯಲ್ಲಿ 1542 ಎಂಬ ವರ್ಷವನ್ನು ಹಲಗೆಯ ಮೇಲೆ ಬರೆದರೆ ಗುರುವಿದ್ಯಾರ್ಥಿಗಳು ತಡವಿಲ್ಲದೆ ಉತ್ತರಿಸುತ್ತಾರೆ: ಸಂತ ಫ್ರಾನ್ಸಿಸ್ ಝೇವಿಯರ್ ಗೋವೆಗೆ ಬಂದಿಳಿದ ವರ್ಷ. ಉತ್ತರ ಸರಿಯಾದುದೇ. ಆದರೆ ಅದೇ ವರ್ಷ ನಮ್ಮ ಕನ್ನಡ ಕರಾವಳಿಯ ಭಟ್ಕಳ ಪಟ್ಟಣವು ಶಸ್ತ್ರಕ್ಕೂ ಬೆಂಕಿಗೂ ತುತ್ತಾಯಿತು. ಅದನ್ನು ಸುಡಿಸಿದ ಗವರ್ನರ್ ಮಾರ್ತಿಂ ಅಫೊನ್ಸೊ ದೆ ಸೌಜಾ ಯಾವ ನೌಕಾಪಡೆಯೊಂದಿಗೆ ಗೋವೆಗೆ ಬಂದನೋ ಅದೇ ನೌಕಾಪಡೆಯಲ್ಲಿ ಝೇವಿಯರರೂ ಬಂದಿದ್ದರು. ಈ ಎರಡು ಸಂಗತಿಗಳನ್ನು ನಾವು ಎರಡು ಬೇರೆ ಪುಸ್ತಕಗಳಲ್ಲಿ ಓದುತ್ತೇವೆ. ಒಂದೇ ಪುಟದಲ್ಲಿಟ್ಟು ಓದಿದರೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಚಾರ.

ಭಟ್ಕಳವು ಆಗ ಸಾಮಾನ್ಯ ಬಂದರಾಗಿರಲಿಲ್ಲ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬ್ಬೀ ನಾಡಿನಿಂದಲೂ ಹೋರ್ಮುಜ್‌ನಿಂದಲೂ ಈ ದಾರಿಯಾಗಿಯೇ ಘಟ್ಟವನ್ನೇರುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ ಇಲ್ಲಿಂದ ಹಡಗೇರುತ್ತಿದ್ದವೆಂದು ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ ದಾಖಲಿಸಿದ್ದಾನೆ. ಜೈನ ಬಸದಿಗಳು, ವೈಷ್ಣವ ದೇವಾಲಯಗಳು, ಅರಬ್ಬೀ ಮೂಲವನ್ನು ಹೇಳಿಕೊಳ್ಳುವ ನವಾಯತ ವರ್ತಕರ ಕೇರಿಗಳು ಅಲ್ಲಿ ಅಕ್ಕಪಕ್ಕದಲ್ಲಿದ್ದವು. ವಿಜಯನಗರಕ್ಕೆ ಅಧೀನಳಾದ ರಾಣಿಯೊಬ್ಬಳು ಪಟ್ಟಣವನ್ನು ಆಳುತ್ತಿದ್ದಳು.

ಇಂಥ ಬಂದರಿನ ಮೇಲೆ ಪೋರ್ಚುಗೀಸರ ಕಣ್ಣು ಮೊದಲಿನಿಂದಲೂ ಇತ್ತು. 1502ರಲ್ಲಿಯೇ ವಾಸ್ಕೊ ದ ಗಾಮನು ಈ ತೀರದ ಹಡಗುಗಳನ್ನು ಸುಟ್ಟು, ಭಟ್ಕಳದಿಂದ ವರ್ಷಂಪ್ರತಿ ಅಕ್ಕಿಯ ಕಪ್ಪವನ್ನು ಗೊತ್ತುಮಾಡಿದ್ದನು. 1505ರಲ್ಲಿ ಫ್ರಾನ್ಸಿಸ್ಕೊ ದೆ ಅಲ್ಮೇದನು ಹೊನ್ನಾವರದಲ್ಲಿ ಹಡಗುಗಳಿಗೆ ಬೆಂಕಿಯಿಕ್ಕಿದನು. ಬೆಂಕಿಯು ಆಕಸ್ಮಿಕವಾಗಿರಲಿಲ್ಲ, ಸಮುದ್ರದ ವ್ಯಾಪಾರವನ್ನು ಕೈಯಲ್ಲಿಟ್ಟುಕೊಳ್ಳುವ ಒಂದು ಪದ್ಧತಿಯಾಗಿತ್ತು.

1542ರಲ್ಲಿ ಮಳೆಗಾಲ ಮುಗಿದು ಸಮುದ್ರ ತೆರೆದ ಮೇಲೆ ಹೊಸ ಗವರ್ನರ್ ಭಟ್ಕಳದ ಮುಂದೆ ಲಂಗರು ಹಾಕಿದನು. ರಾಣಿಯು ಕಪ್ಪವನ್ನು ಸಲ್ಲಿಸಿಲ್ಲ, ಕಡಲುಗಳ್ಳರಿಗೆ ಆಶ್ರಯ ಕೊಟ್ಟಿದ್ದಾಳೆ ಎಂಬುದು ಅವನು ಮುಂದಿಟ್ಟ ಕಾರಣ. ವಿಜಯನಗರದಲ್ಲಿ ಅಚ್ಯುತದೇವರಾಯನು ತೀರಿಕೊಂಡು ಸಿಂಹಾಸನಕ್ಕಾಗಿ ಕಲಹವೆದ್ದದ್ದು ಇದೇ ವರ್ಷ. ರಾಜಧಾನಿಯ ರಕ್ಷಣೆಯನ್ನು ಭಟ್ಕಳವು ನೆಚ್ಚುವಂತಿರಲಿಲ್ಲ. ಸೈನಿಕರು ಪಟ್ಟಣವನ್ನು ಹೊಕ್ಕು ಕೊಂದರು, ದೋಚಿದರು. ದೋಚಿದ್ದನ್ನು ಹಂಚಿಕೊಳ್ಳುವಾಗ ತಮ್ಮತಮ್ಮಲ್ಲೇ ಜಗಳವಾಡಿದರು. ಆ ಸಂದರ್ಭವನ್ನು ನೋಡಿ ಊರಿನವರು ತಿರುಗಿಬಿದ್ದಾಗ ಹಡಗುಗಳತ್ತ ಓಡಿಹೋದರು. ಈ ಅವಮಾನವನ್ನು ತಾಳದೆ ಗವರ್ನರನು ಮರುದಿನ ಮತ್ತೆ ಪಡೆಯನ್ನು ಇಳಿಸಿ ಪಟ್ಟಣವನ್ನು ಸುಡಿಸಿದನು. ಸುತ್ತಲಿನ ತೋಟಗಳ ಮರಗಳನ್ನೂ ಕಡಿಸಿದನು. ತೆಂಗಿನ ಮರವನ್ನು ಕಡಿಯುವುದೆಂದರೆ ಏನೆಂದು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಸುಟ್ಟ ಮನೆಯನ್ನು ಒಂದು ಬೇಸಗೆಯಲ್ಲಿ ಮತ್ತೆ ಕಟ್ಟಬಹುದು. ಕಡಿದ ತೋಟ ಫಲಕ್ಕೆ ಬರಲು ಮಕ್ಕಳು ದೊಡ್ಡವರಾಗಬೇಕು.

ಈ ವಿವರಗಳು ನಮಗೆ ಮುಖ್ಯವಾಗಿ ದೊರೆಯುವುದು ಬೆಂಕಿಯಿಟ್ಟವರ ಕಡೆಯ ಬರಹಗಳಿಂದಲೇ ಎಂಬುದು ಗಮನಾರ್ಹ. ಕವಿ ಕಮೋಯಿಂಶನು 1572ರಲ್ಲಿ ಪ್ರಕಟಿಸಿದ ಮಹಾಕಾವ್ಯದ ಹತ್ತನೆಯ ಸರ್ಗದಲ್ಲಿ ಭಟ್ಕಳದ ನಾಶವನ್ನು ಇದೇ ಗವರ್ನರನ ಸಾಹಸಗಳ ಸಾಲಿಗೆ ಸೇರಿಸಿ ಹೊಗಳಿದ್ದಾನೆ. ಆದ್ದರಿಂದ ಇದನ್ನು ವಿರೋಧಿಗಳ ಕಟ್ಟುಕಥೆಯೆಂದು ತಳ್ಳಿಹಾಕಲು ನಮಗೆ ಅವಕಾಶವಿಲ್ಲ.

ಈಗ ಝೇವಿಯರರ ಕಡೆಗೆ ತಿರುಗೋಣ. 1541ರ ಏಪ್ರಿಲ್ 7ರಂದು, ತಮ್ಮ ಮೂವತ್ತೈದನೆಯ ಹುಟ್ಟುಹಬ್ಬದ ದಿನ, ಅವರು ಲಿಸ್ಬನ್‌ನಲ್ಲಿ ಗವರ್ನರನ ಹಡಗನ್ನೇರಿದರು. ಆ ಹಡಗಿನ ಹೆಸರು ಸಾಂತಿಯಾಗೊ, ಎಂದರೆ ಸಂತ ಯಕೋಬ. ಮೊಜಾಂಬಿಕ್‌ನಲ್ಲಿ ತಂಗಿ, ಹದಿಮೂರು ತಿಂಗಳ ಬಳಿಕ 1542ರ ಮೇ 6ರಂದು ಗೋವೆಯನ್ನು ಸೇರಿದರು. ಗೋವೆಯ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡಿದರು, ಸೆರೆಮನೆಗಳಿಗೆ ಹೋದರು, ಬೀದಿಯಲ್ಲಿ ಗಂಟೆ ಬಾರಿಸುತ್ತ ಮಕ್ಕಳನ್ನು ಧರ್ಮೋಪದೇಶಕ್ಕೆ ಕರೆದರು. ಸೆಪ್ಟೆಂಬರ್ 20ರಂದು ಸಂತ ಇಗ್ನೇಷಿಯಸರಿಗೆ ಬರೆದು, ಗವರ್ನರನ ಭಕ್ತಿಪೂರ್ವಕ ಕೋರಿಕೆಗಳನ್ನು ರೋಮಿಗೆ ತಿಳಿಸಿದರು. ಬಳಿಕ ಮುತ್ತಿನ ತೀರದ ಬಡ ಪರವರ ಬಳಿಗೆ ಹೊರಟರು. ಭಟ್ಕಳದ ಬೆಂಕಿಯಲ್ಲಿ ಅವರ ಕೈಯಿರಲಿಲ್ಲ. ಆದರೆ ಅವರನ್ನು ಹೊತ್ತು ತಂದ ಅಧಿಕಾರವೇ ಬೆಂಕಿಯನ್ನೂ ಹೊತ್ತು ತಂದಿತ್ತು. ಮುಂದೆ ಆ ತೀರದಲ್ಲಿ ಅಧಿಕಾರಿಗಳ ಲೋಭವನ್ನು ಕಣ್ಣಾರೆ ಕಂಡಾಗ ಝೇವಿಯರರು ಸುಮ್ಮನಿರಲಿಲ್ಲ. 1545ರಲ್ಲಿ ದೊರೆ ಮೂರನೆಯ ಜೊವಾನನಿಗೆ ದೇವರ ತೀರ್ಪನ್ನು ನೆನಪಿಸಿ ಪತ್ರ ಬರೆದರು.

ಇಲ್ಲಿ ಎರಡು ಸಮಾಧಾನಗಳು ಕೇಳಿಬರುತ್ತವೆ. ಅದು ಅಂದಿನ ಕಾಲಧರ್ಮ, ಇಂದಿನ ಅಳತೆಗೋಲನ್ನು ಅಂದಿಗೆ ಹಿಡಿಯಬಾರದು ಎಂಬುದು ಮೊದಲನೆಯದು. ಆದರೆ 1539ರಲ್ಲಿಯೇ ದೊಮಿನಿಕ್ ಸಭೆಯ ಫ್ರಾನ್ಸಿಸ್ಕೊ ದೆ ವಿತೋರಿಯ ಸಲಮಾಂಕದಲ್ಲಿ, ಪರಧರ್ಮವು ಯುದ್ಧಕ್ಕೆ ನ್ಯಾಯವಾದ ಕಾರಣವಲ್ಲವೆಂದೂ ನಿರಪರಾಧಿಗಳನ್ನು ಉದ್ದೇಶಪೂರ್ವಕವಾಗಿ ಕೊಲ್ಲುವುದು ಸಲ್ಲದೆಂದೂ ಬೋಧಿಸಿದ್ದರು. ಅಳತೆಗೋಲು ಅಂದೇ ಇತ್ತು, ನಮ್ಮ ದೈವಶಾಸ್ತ್ರದ ಪೀಠದಲ್ಲಿಯೇ ಇತ್ತು.

ಎಲ್ಲರೂ ಹಾಗೆಯೇ ಮಾಡಿದರು ಎಂಬುದು ಎರಡನೆಯ ಸಮಾಧಾನ. 1565ರಲ್ಲಿ ವಿಜಯನಗರ ಸುಟ್ಟಿತು. ಪೋರ್ಚುಗೀಸರು ತಮ್ಮ ವ್ಯಾಪಾರಕ್ಕೆ ಒಡ್ಡಿದ ತಡೆಗೆ ಪ್ರತೀಕಾರವಾಗಿ 1695ರಲ್ಲಿ ಅರಬ್ಬರು ಮಂಗಳೂರಿಗೆ ಬೆಂಕಿಯಿಟ್ಟರು. 1784ರಲ್ಲಿ ಕೆನರಾದ ಕ್ರೈಸ್ತರು ಸೆರೆಯಾಳುಗಳಾಗಿ ಘಟ್ಟ ಹತ್ತಿ ಶ್ರೀರಂಗಪಟ್ಟಣದ ದಾರಿ ಹಿಡಿದರು. ಇವೆಲ್ಲವೂ ನಿಜ. ಆದರೆ ಲೆಕ್ಕಕ್ಕೆ ಲೆಕ್ಕ ಸರಿಹೋಯಿತೆಂದು ಮುಗಿಸುವುದು ವ್ಯಾಪಾರಿಯ ಮಾತು, ಪಾಪನಿವೇದನೆಯ ಮಾತಲ್ಲ. ಪಾಪನಿವೇದನೆಗೆ ಬಂದವನು ನೆರೆಯವನ ಪಾಪವನ್ನು ಹೇಳತೊಡಗಿದರೆ ಗುರುಗಳಾದ ನಾವು ಮೆಲ್ಲನೆ ತಡೆಯುತ್ತೇವೆ. 1784ನ್ನು ಜಗತ್ತು ಮರೆಯಬಾರದೆಂದು ನಾವು ಬಯಸುವುದಾದರೆ, 1542ನ್ನು ನಾವು ಮರೆಯುವಂತಿಲ್ಲ.

ಹಾಗಾದರೆ ಇಂದಿನ ನಾವು ಅಪರಾಧಿಗಳೇ? 2000ದ ಮಹಾಜುಬಿಲಿಯ ಹೊತ್ತಿಗೆ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಪಾಪವು ಅದನ್ನು ಮಾಡಿದವರದೇ. ಅದು ವಂಶದ ಆಸ್ತಿಯಂತೆ ಇಳಿದುಬರುವುದಿಲ್ಲ. ಆದರೂ ಕ್ರಿಸ್ತನ ಒಂದೇ ಶರೀರದ ಅಂಗಗಳಾಗಿರುವ ನಾವು ಹಿಂದಿನವರ ತಪ್ಪುಗಳ ಭಾರವನ್ನು ಹೊರುತ್ತೇವೆ ಎಂಬುದು ಅದರ ವಿಚಾರದ ಸಾರ. ಇತಿಹಾಸವನ್ನು ಮೊದಲು ನಿಷ್ಠುರವಾಗಿ ಅರಿಯಬೇಕು, ಆಮೇಲೆಯೇ ದೈವಶಾಸ್ತ್ರದ ತೀರ್ಮಾನ ಎಂದೂ ಅದು ಎಚ್ಚರಿಸಿತು. ಅದೇ ವರ್ಷ ಮಾರ್ಚ್ 12ರಂದು ಜಗದ್ಗುರು ಎರಡನೆಯ ಜಾನ್ ಪೌಲರು ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳ ತಪ್ಪುಗಳಿಗಾಗಿ ದೇವರಲ್ಲಿ ಕ್ಷಮೆ ಯಾಚಿಸಿದರು. ಸಂತರ ಪುಣ್ಯದಲ್ಲಿ ನಮಗೆ ಪಾಲಿದೆಯೆಂದು ನಂಬುವ ನಾವು, ಪಾಪಿಗಳ ಭಾರದಲ್ಲಿ ಮಾತ್ರ ಪಾಲಿಲ್ಲವೆನ್ನುವುದು ಹೇಗೆ?

ಆ ಕಾಲದ ಪೋರ್ಚುಗೀಸ್ ಸೈನಿಕರು ದಾಳಿಗಿಳಿಯುವಾಗ ಕೂಗುತ್ತಿದ್ದ ಹೆಸರು ಸಾಂತಿಯಾಗೊ. ಲೂಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯವನ್ನು ಇಲ್ಲಿ ತೆರೆಯಬೇಕು. ಸಮಾರಿಯದ ಒಂದು ಊರು ಯೇಸುಸ್ವಾಮಿಗೆ ಎಡೆಗೊಡಲಿಲ್ಲ. ಆಕಾಶದಿಂದ ಬೆಂಕಿ ಬಿದ್ದು ಆ ಊರು ನಾಶವಾಗಲೆಂದು ಆಜ್ಞಾಪಿಸಲೇ ಎಂದು ಕೇಳಿದವರು ಯೊವಾನ್ನ ಮತ್ತು ಇದೇ ಯಕೋಬ. ಸ್ವಾಮಿ ಅವರನ್ನು ಗದರಿಸಿ ಬೇರೊಂದು ಊರಿಗೆ ನಡೆದರು. ಸ್ವಾಮಿಯ ಗದರಿಕೆಯನ್ನು ಯಕೋಬರು ಕೇಳಿ ತಿದ್ದಿಕೊಂಡರು, ಕೊನೆಗೆ ತಾವೇ ಕತ್ತಿಗೆ ತುತ್ತಾಗಿ ಸಾಕ್ಷಿಯಾದರು. ಅವರ ಹೆಸರನ್ನು ಕೂಗಿದವರಾದರೋ ಗದರಿಕೆಯನ್ನು ಮರೆತು, ಸ್ವಾಮಿ ನಿರಾಕರಿಸಿದ ಬೆಂಕಿಯನ್ನೇ ಹಿಡಿದರು.

ನಮ್ಮ ಕೃಷ್ಣರಾಜನಗರದ ಸೀಮೆಯ ಡೋರನಹಳ್ಳಿಗೆ, ಹೊಸ ಅಗ್ರಹಾರದ ಕಡೆಯ ಹಳ್ಳಿಗಳಿಂದಲೂ ದೂರದ ಊರುಗಳಿಂದಲೂ, ಎಲ್ಲ ಮತದವರೂ ಹರಕೆ ಹೊತ್ತು ಬರುತ್ತಾರೆ. ಹೊಲ ಉಳುವಾಗ ರೈತನಿಗೆ ಸಿಕ್ಕಿತೆಂದು ಜನರು ಹೇಳುವ ಪ್ರತಿಮೆಯ ಆ ಸಂತ ಅಂತೋಣಿಯವರು ಹುಟ್ಟಿದ್ದೂ ಲಿಸ್ಬನ್ ನಗರದಲ್ಲೇ. ಒಂದೇ ಊರಿನಿಂದ ಸಂತನೂ ಬಂದ, ಸುಡುವ ಪಡೆಯೂ ಬಂತು. ಡೋರನಹಳ್ಳಿಯಲ್ಲಿ ವಿಶ್ವಾಸವು ಯಾರ ಮನೆಯನ್ನೂ ಸುಡದೆ ಮಣ್ಣಿನೊಳಗಿಂದ ಎದ್ದುಬಂತೆಂದು ಜನ ನೆನೆಯುತ್ತಾರೆ. ಆದ್ದರಿಂದಲೇ ಅದು ಎಲ್ಲರದಾಗಿ ಉಳಿದಿದೆ.

ಗುರುಪಟ್ಟಕ್ಕೆ ಸಿದ್ಧರಾಗುತ್ತಿರುವ ಸಹೋದರರಲ್ಲಿ ನಮ್ಮದೊಂದು ಸಣ್ಣ ವಿನಂತಿ. ಡಿಸೆಂಬರ್ 3ರಂದು ಝೇವಿಯರರ ಹಬ್ಬವನ್ನು ಆಚರಿಸುವಾಗ, ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಭಟ್ಕಳದ ಹೆಸರನ್ನೂ ಒಮ್ಮೆ ಎತ್ತೋಣ. ಆ ಬೆಂಕಿಯಲ್ಲಿ ಸತ್ತವರ ಹೆಸರುಗಳನ್ನು ನಾವು ಉಚ್ಚರಿಸಲಾರೆವು. ದೇವರು ಅವರನ್ನು ಬಲ್ಲರು. ಸಂತನಿಗೆ ಇದರಿಂದ ಕುಂದೇನೂ ಬರುವುದಿಲ್ಲ. ಸತ್ಯವನ್ನು ದೊರೆಗೇ ಬರೆದು ತಿಳಿಸಿದ ಆ ಮಹಾತ್ಮರ ಹಬ್ಬಕ್ಕೆ ಸತ್ಯಕ್ಕಿಂತ ತಕ್ಕ ಕಾಣಿಕೆ ಬೇರೊಂದಿಲ್ಲ.