ಹಿಮದ ಪೆಟ್ಟಿಗೆಯಲ್ಲಿ ಹೃದಯ

ಮುಂಬಯಿ ಸೆಂಟ್ರಲಿನಿಂದ ರೈಲಿನಲ್ಲಿ ಸೂರತ್ 263 ಕಿ.ಮೀ., ವಡೋದರಾ 392, ಅಹಮದಾಬಾದು 491. ಗುಜರಾತಿನಲ್ಲಿ ನೆಲೆಸಿದ ನಾವು ಕನ್ನಡಿಗರು ಊರಿಗೆ ಹೋಗಿಬರುವಾಗ ಈ ದೂರಗಳನ್ನು ಲೆಕ್ಕಿಸದೆ ನಿದ್ದೆ ಮಾಡುತ್ತೇವೆ. ದಾನವಾಗಿ ಬಂದ ಮೂತ್ರಪಿಂಡವೂ ಹಾಗೆಯೇ. ತಣ್ಣಗಿಟ್ಟರೆ ಒಂದು ಹಗಲು ಒಂದು ರಾತ್ರಿ ತಾಳುತ್ತದೆ. ಹೃದಯಕ್ಕಾದರೋ ಸಿಗುವುದು ಸುಮಾರು ನಾಲ್ಕೇ ಗಂಟೆ.

1967ರ ಡಿಸೆಂಬರ್ 3ರಂದು ಕೇಪ್‌ಟೌನಿನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಹೃದಯ ಕಸಿ ಮಾಡಿದಾಗ ಈ ಚಿಂತೆ ಇರಲಿಲ್ಲ. ದಾನಿಯೂ ರೋಗಿಯೂ ಪಕ್ಕಪಕ್ಕದ ಕೋಣೆಗಳಲ್ಲಿದ್ದರು. 1968ರ ಫೆಬ್ರವರಿಯಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಅವರೂ ಈ ಸಾಹಸಕ್ಕೆ ಕೈಹಾಕಿದರು. ರೋಗಿ ಕೆಲವು ಗಂಟೆಗಳಲ್ಲೇ ತೀರಿಕೊಂಡರು.

ಐಸ್ ಪೆಟ್ಟಿಗೆ ಎಂದೊಡನೆ ಹೃದಯವನ್ನು ಹೆಪ್ಪುಗಟ್ಟಿಸುತ್ತಾರೆಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಹೆಪ್ಪುಗಟ್ಟಿದರೆ ಜೀವಕೋಶಗಳೇ ಒಡೆದುಹೋಗುತ್ತವೆ. 4 ಡಿಗ್ರಿಯ ಆಸುಪಾಸಿನಲ್ಲಿ ದ್ರಾವಣ ತುಂಬಿದ ಚೀಲದೊಳಗೆ ಚೀಲವಿಟ್ಟು, ಹೊರಗೆ ಮಂಜುಗಡ್ಡೆ ಸುರಿಯುತ್ತಾರೆ. ಆ ಚಳಿಯಲ್ಲಿ ಹೃದಯದ ಆಮ್ಲಜನಕದ ಹಸಿವು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಚಳಿಯೊಂದೇ ಸಾಲದು; ಮಿಡಿತವನ್ನೂ ನಿಲ್ಲಿಸಬೇಕು. ಲಂಡನ್ನಿನ ಮೆಲ್ರೋಸ್ 1955ರಲ್ಲಿ ಪೊಟ್ಯಾಸಿಯಂ ಸಿಟ್ರೇಟಿನಿಂದ ಹೃದಯ ನಿಲ್ಲಿಸಿ ತೋರಿಸಿದರು. ಪ್ರಮಾಣ ಮಿಕ್ಕಿ ಸ್ನಾಯುವಿಗೇ ಪೆಟ್ಟಾದ್ದರಿಂದ ವರ್ಷಗಟ್ಟಲೆ ಆ ದಾರಿಯನ್ನೇ ಬಿಟ್ಟರು. 1970ರ ದಶಕದಲ್ಲಿ ಅದೇ ಊರಿನ ಸೇಂಟ್ ಥಾಮಸ್ ಆಸ್ಪತ್ರೆಯವರು ಪೊಟ್ಯಾಸಿಯಂ ತಗ್ಗಿಸಿ ಹದ ಕಂಡರು. ಜರ್ಮನಿಯ ಬ್ರೆಟ್‌ಶ್ನೈಡರ್ ಸೋಡಿಯಂ ಇಳಿಸಿ, ಆಮ್ಲವನ್ನು ಹೀರಲು ಹಿಸ್ಟಿಡಿನ್ ಬೆರೆಸಿದರು. ಮದ್ದಿನಲ್ಲಿ ಹೆಚ್ಚು ಕಡಿಮೆಯೇ ಸರ್ವಸ್ವ ಎಂದು ನಮ್ಮ ಅಜ್ಜಿಯರಿಗೂ ಗೊತ್ತಿತ್ತು!

ಇಷ್ಟಾದರೂ ನಮ್ಮಲ್ಲಿ ಮಿದುಳಿನ ಸಾವನ್ನು ಸಾವೆಂದು ಒಪ್ಪುವ ಕಾನೂನು ಬಂದದ್ದು 1994ರಲ್ಲಿ. ಆ ವರ್ಷವೇ ಆಗಸ್ಟಿನಲ್ಲಿ ದೆಹಲಿಯಲ್ಲಿ ಡಾ. ವೇಣುಗೋಪಾಲ್ ಅವರ ಕಸಿ ಸಫಲವಾಯಿತು. ಗುಜರಾತು ಇನ್ನೂ ಇಪ್ಪತ್ತೆರಡು ವರ್ಷ ಕಾಯಬೇಕಾಯಿತು. ಮೂತ್ರಪಿಂಡದ ಕಸಿಗೆ ಡಾ. ಎಚ್.ಎಲ್. ತ್ರಿವೇದಿಯವರಿಂದ ಹೆಸರಾದ ಅಹಮದಾಬಾದಿನಲ್ಲೂ ಹೃದಯ ಜೋಡಿಸುವವರಿರಲಿಲ್ಲ. ಹೀಗಾಗಿ 2015ರ ಡಿಸೆಂಬರಿನಲ್ಲಿ ಸೂರತ್ತಿನ ದಾನಿಯೊಬ್ಬರ ಹೃದಯ ವಿಮಾನವೇರಿ ಮುಂಬಯಿಗೆ ಹೋಯಿತು.

ಮರುವರ್ಷ ಡಿಸೆಂಬರಿನಲ್ಲಿ ಭಾವನಗರದಿಂದ ಬಂದ ಹೃದಯವನ್ನು ಅಹಮದಾಬಾದಿನ ಸಿಮ್ಸ್ ಆಸ್ಪತ್ರೆಯಲ್ಲಿ ಜೋಡಿಸಿದರು. ಇದು ಗುಜರಾತಿನಲ್ಲಿ ಮೊದಲನೆಯದು. ಅಂದಿನಿಂದ ಸೂರತ್ತಿಗೆ ಉತ್ತರದಲ್ಲೂ ಒಂದು ಬಾಗಿಲು ತೆರೆಯಿತು, ಅದೂ 228 ಕಿ.ಮೀ. ದೂರದಲ್ಲಿ; ವಡೋದರೆಗಂತೂ ನೂರೇ ಕಿ.ಮೀ. ಆದರೆ ಹತ್ತಿರವಿದ್ದ ಮಾತ್ರಕ್ಕೆ ಆಗದು. ರಕ್ತದ ಗುಂಪು, ಹೃದಯದ ಗಾತ್ರ ಎರಡೂ ಕೂಡಿಬರಬೇಕು. 2017ರ ಸೆಪ್ಟೆಂಬರಿನಲ್ಲಿ ಸೂರತ್ತಿನ ಹದಿನಾಲ್ಕು ತಿಂಗಳ ಮಗುವಿನ ಹೃದಯವನ್ನು ತಂದೆತಾಯಿ ಕೊಟ್ಟರು. ಅದಕ್ಕೆ ಹೊಂದುವ ಮೂರೂವರೆ ವರ್ಷದ ಹುಡುಗಿ ಮುಂಬಯಿಯ ಆಸ್ಪತ್ರೆಯಲ್ಲಿದ್ದಳು. ಪೆಟ್ಟಿಗೆ ಮತ್ತೆ ದಕ್ಷಿಣಕ್ಕೇ ಹಾರಿತು.