ನಾರ್ಬರೊ ಗ್ರಾಮದ ರಕ್ತಪರೀಕ್ಷೆ



ಡಿ.ಎನ್.ಎ. ಎಂಬ ಹೆಸರು ನಿಮಗೆ ಹೊಸದಲ್ಲ. ತಿರುಚಿದ ಏಣಿಯಂಥ ಅದರ ಚಿತ್ರವನ್ನು ಪರೀಕ್ಷೆಯಲ್ಲಿ ಬಿಡಿಸಿ ಅಂಕ ಗಳಿಸಿದವರು ನಿಮ್ಮಲ್ಲಿ ಅನೇಕರಿರಬಹುದು. ಆ ಏಣಿ ಮೊದಲ ಬಾರಿಗೆ ಒಂದು ಕೊಲೆಯ ತನಿಖೆಯೊಳಗೆ ಬಂದದ್ದು ಹೇಗೆಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಕಥೆ ಕಹಿಯಾದದ್ದು. ಆದರೆ ನಿಮ್ಮ ವಯಸ್ಸಿನವರಿಂದ ಮುಚ್ಚಿಡಬೇಕಾದದ್ದೇನೂ ಅಲ್ಲ. ಏಕೆಂದರೆ ಸತ್ತ ಇಬ್ಬರು ಹುಡುಗಿಯರಿಗೂ ಆಗ 15 ವರ್ಷ.

ಇಂಗ್ಲೆಂಡಿನ ಮಧ್ಯಭಾಗದಲ್ಲಿ ಲೆಸ್ಟರ್ ಎಂಬ ನಗರವಿದೆ. ಅದರ ಹೊರವಲಯದಲ್ಲಿ ನಾರ್ಬರೊ, ಎಂಡರ್ಬಿ, ಲಿಟಲ್‌ಥಾರ್ಪ್ ಎಂಬ ಮೂರು ಗ್ರಾಮಗಳು ಒಂದಕ್ಕೊಂದು ತಾಗಿಕೊಂಡಂತಿವೆ. 1983ರ ನವೆಂಬರ್ 21ರ ಸಂಜೆ ನಾರ್ಬರೊದ ಶಾಲಾ ಬಾಲಕಿಯೊಬ್ಬಳು ಮನೆಯಿಂದ ಹೊರಟವಳು ಹಿಂತಿರುಗಲಿಲ್ಲ. ಮರುದಿನ ಬೆಳಿಗ್ಗೆ ಒಂದು ಕಾಲುದಾರಿಯ ಪಕ್ಕದಲ್ಲಿ ಆಕೆಯ ಶವ ಸಿಕ್ಕಿತು. ಅತ್ಯಾಚಾರ ಮಾಡಿ, ಕತ್ತು ಬಿಗಿದು ಕೊಲ್ಲಲಾಗಿತ್ತು. ಆಕೆಯ ಹೆಸರನ್ನು ನಾನು ಬರೆಯುವುದಿಲ್ಲ. ಇಂಥ ಪ್ರಕರಣಗಳಲ್ಲಿ ನೊಂದವರ ಹೆಸರು ಬಯಲು ಮಾಡುವುದನ್ನು ನಮ್ಮ ದೇಶದ ಕಾನೂನು ಒಪ್ಪುವುದಿಲ್ಲ. ಆ ಕಟ್ಟುಪಾಡು ಒಳ್ಳೆಯದೆಂದೇ ನನ್ನ ಭಾವನೆ.

ಶವದ ಮೇಲೆ ಸಿಕ್ಕ ವೀರ್ಯವನ್ನು ಪ್ರಯೋಗಾಲಯಕ್ಕೆ ಕಳಿಸಿದರು. ಅಂದಿನ ಪರೀಕ್ಷೆಗಳು ಹೇಳಬಲ್ಲದ್ದು ಇಷ್ಟೆ: ಕೊಲೆಗಾರನ ರಕ್ತದ ಗುಂಪು ‘ಎ’, ಜೊತೆಗೆ ಅವನಲ್ಲೊಂದು ನಿರ್ದಿಷ್ಟ ಬಗೆಯ ಕಿಣ್ವವಿದೆ. ಈ ಎರಡೂ ಕೂಡಿರುವ ಗಂಡಸರು ನೂರಕ್ಕೆ ಸುಮಾರು 10 ಮಂದಿ. ಸಾವಿರ ಗಂಡಸರಿರುವ ಊರಿನಲ್ಲಿ ನೂರು ಮಂದಿಯ ಮೇಲೆ ಸಂಶಯ ಉಳಿಯಿತು! ತನಿಖೆ ಅಲ್ಲಿಗೇ ನಿಂತಿತು.

1986ರ ಜುಲೈ 31ರಂದು ಪಕ್ಕದ ಎಂಡರ್ಬಿಯಲ್ಲಿ ಇನ್ನೊಬ್ಬ ಬಾಲಕಿ ಕಾಣೆಯಾದಳು. ಎರಡು ದಿನಗಳ ನಂತರ ಶವ ಸಿಕ್ಕಿತು. ಅದೇ ರೀತಿಯ ಅತ್ಯಾಚಾರ, ಅದೇ ರೀತಿಯ ಕೊಲೆ. ಈ ಬಾರಿ ಪೊಲೀಸರು ವಾರದೊಳಗೆ ಒಬ್ಬನನ್ನು ಹಿಡಿದರು. ಸ್ಥಳೀಯ ಮಾನಸಿಕ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ, ಬುದ್ಧಿ ಸ್ವಲ್ಪ ಮಂದವಾಗಿದ್ದ 17 ವರ್ಷದ ಹುಡುಗ ಅವನು. ವಿಚಾರಣೆಯಲ್ಲಿ ಎರಡನೆಯ ಕೊಲೆಯನ್ನು ತಾನೇ ಮಾಡಿದೆನೆಂದು ಒಪ್ಪಿಕೊಂಡ. ಮೊದಲನೆಯದನ್ನು ಮಾತ್ರ ಒಪ್ಪಲೇ ಇಲ್ಲ.

ಪೊಲೀಸರಿಗೋ ಎರಡೂ ಒಬ್ಬನದೇ ಕೈವಾಡವೆಂಬ ನಂಬಿಕೆ. ಅದನ್ನು ಸಿದ್ಧಪಡಿಸಲು ಅವರು ಹತ್ತಿರದ ಲೆಸ್ಟರ್ ವಿಶ್ವವಿದ್ಯಾನಿಲಯದ ವಿಜ್ಞಾನಿ ಅಲೆಕ್ ಜೆಫ್ರೀಸ್ ಅವರ ಮೊರೆಹೊಕ್ಕರು.

ಜೆಫ್ರೀಸ್ ಅವರಿಗೆ ಅಪರಾಧಗಳ ಗೋಜೇ ಇರಲಿಲ್ಲ. ವಂಶವಾಹಿಗಳು ಒಬ್ಬರಿಂದ ಒಬ್ಬರಿಗೆ ಹೇಗೆ ಬದಲಾಗುತ್ತವೆ ಎಂಬುದು ಅವರ ಅಧ್ಯಯನದ ವಿಷಯ. 1984ರ ಸೆಪ್ಟೆಂಬರ್ 10ರ ಸೋಮವಾರ ಬೆಳಿಗ್ಗೆ ಅವರು ಒಂದು ಎಕ್ಸ್-ರೇ ಫಿಲ್ಮನ್ನು ತೊಳೆದು ನೋಡಿದಾಗ ಅದರಲ್ಲಿ ಮಸುಕಾದ ಗೆರೆಗಳ ಸಾಲುಗಳಿದ್ದವು. ಒಬ್ಬೊಬ್ಬರದು ಒಂದೊಂದು ವಿನ್ಯಾಸ. ಮಗುವಿನ ಗೆರೆಗಳಲ್ಲಿ ಅರ್ಧ ತಾಯಿಯವು, ಅರ್ಧ ತಂದೆಯವು.

ಇದರ ಗುಟ್ಟು ಹೀಗೆ. ನಮ್ಮೆಲ್ಲರ ಡಿ.ಎನ್.ಎ. ಬಹುಮಟ್ಟಿಗೆ ಒಂದೇ. ಆದರೆ ಅಲ್ಲಲ್ಲಿ ಒಂದೇ ತುಣುಕು ಸಾಲಾಗಿ ಮತ್ತೆ ಮತ್ತೆ ಬರುವ ಜಾಗಗಳಿವೆ. ಭಜನೆಯಲ್ಲಿ ಒಂದು ಮೇಳದವರು ಪಲ್ಲವಿಯನ್ನು ಮೂರು ಸಲ ಹಾಡಿದರೆ ಇನ್ನೊಂದು ಮೇಳದವರು ಏಳು ಸಲ ಹಾಡುವುದಿಲ್ಲವೇ? ಹಾಗೆಯೇ ಈ ತುಣುಕು ಎಷ್ಟು ಸಲ ಮರುಕಳಿಸುತ್ತದೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಕಿಣ್ವಗಳಿಂದ ಡಿ.ಎನ್.ಎ.ಯನ್ನು ಕತ್ತರಿಸಿ, ವಿದ್ಯುತ್ ಹಾಯಿಸಿದ ಜೆಲ್‌ನಲ್ಲಿ ಬಿಟ್ಟರೆ ಚಿಕ್ಕ ತುಂಡುಗಳು ಮುಂದಕ್ಕೆ ಓಡುತ್ತವೆ, ದೊಡ್ಡವು ಹಿಂದುಳಿಯುತ್ತವೆ. ಅವಕ್ಕೆ ವಿಕಿರಣಶೀಲ ಗುರುತು ಅಂಟಿಸಿ ಫಿಲ್ಮಿನ ಮೇಲಿಟ್ಟರೆ ಗೆರೆಗಳು ಮೂಡುತ್ತವೆ. ಬಿಸ್ಕತ್ತಿನ ಪೊಟ್ಟಣದ ಮೇಲಿನ ಬಾರ್‌ಕೋಡ್ ನೆನೆಸಿಕೊಳ್ಳಿ.

ಅತ್ಯಾಚಾರದ ಪ್ರಕರಣಗಳಲ್ಲಿ ಇನ್ನೊಂದು ತೊಡಕಿತ್ತು. ಮಾದರಿಯಲ್ಲಿ ಅಪರಾಧಿಯ ವೀರ್ಯಾಣುಗಳ ಜೊತೆ ನೊಂದವಳ ಜೀವಕೋಶಗಳೂ ಬೆರೆತಿರುತ್ತವೆ. ಬ್ರಿಟಿಷ್ ನ್ಯಾಯವಿಜ್ಞಾನ ಇಲಾಖೆಯ ಪೀಟರ್ ಗಿಲ್ ಮತ್ತು ಡೇವ್ ವೆರೆಟ್ ಇದಕ್ಕೊಂದು ದಾರಿ ಕಂಡರು. ವೀರ್ಯಾಣುವಿನ ತಲೆ ಗಟ್ಟಿ. ಮೊದಲು ಸೌಮ್ಯ ರಾಸಾಯನಿಕದಿಂದ ಹೆಣ್ಣಿನ ಕೋಶಗಳನ್ನು ಕರಗಿಸಿ ತೆಗೆದುಬಿಡುವುದು, ಆಮೇಲೆ ತೀಕ್ಷ್ಣವಾದುದರಿಂದ ವೀರ್ಯಾಣುಗಳನ್ನು ಒಡೆಯುವುದು. ಕಾಲೇಜಿನ ರಸಾಯನಶಾಸ್ತ್ರ ಬಲ್ಲವರು ಈ ಉಪಾಯದ ಸರಳತೆಗೆ ತಲೆದೂಗದೆ ಇರಲಾರರು.

ಸರಿ, ಪರೀಕ್ಷೆ ನಡೆಯಿತು. ಫಲಿತಾಂಶ ಎರಡು ಮಾತು ಹೇಳಿತು. ಇಬ್ಬರು ಹುಡುಗಿಯರನ್ನೂ ಕೆಡಿಸಿದವನು ಒಬ್ಬನೇ. ಪೊಲೀಸರ ಊಹೆ ಅಷ್ಟರಮಟ್ಟಿಗೆ ನಿಜ. ಆದರೆ ಆ ಒಬ್ಬ ಸೆರೆಯಲ್ಲಿದ್ದ ಹುಡುಗನಲ್ಲ! ಯಾರೂ ಮೊದಲಿಗೆ ನಂಬಲಿಲ್ಲ. ಸರ್ಕಾರಿ ಪ್ರಯೋಗಾಲಯ ಮತ್ತೆ ಪರೀಕ್ಷಿಸಿತು, ಉತ್ತರ ಬದಲಾಗಲಿಲ್ಲ. ಮೂರು ತಿಂಗಳಿಗೂ ಹೆಚ್ಚು ಕಾಲ ಬಂಧನದಲ್ಲಿದ್ದ ಅವನನ್ನು 1986ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದರು. ಕೊಲೆಯ ತನಿಖೆಗೆ ಬಂದ ಈ ವಿದ್ಯೆ ಮೊದಲು ಮಾಡಿದ ಕೆಲಸ ಯಾರನ್ನೂ ಹಿಡಿಯುವುದಲ್ಲ, ಒಬ್ಬ ನಿರಪರಾಧಿಯನ್ನು ಬಿಡಿಸುವುದು.

ಮಾಡದ ಕೊಲೆಯನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ ಎಂದು ನೀವು ಕೇಳಬಹುದು. ಒಪ್ಪಿಕೊಳ್ಳುತ್ತಾರೆ. ಗಂಟೆಗಟ್ಟಲೆ ಪ್ರಶ್ನೆ ಕೇಳಿದರೆ ಎಳೆಯರೂ ದುರ್ಬಲ ಮನಸ್ಸಿನವರೂ ಎದುರಿನವರು ಬಯಸಿದ್ದನ್ನೇ ಹೇಳಿಬಿಡುತ್ತಾರೆ. ಇಂಗ್ಲೆಂಡಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ನ್ಯಾಯಾಲಯ ಪರಿಗಣಿಸಬಹುದು. ನಮ್ಮಲ್ಲಿ ಹಾಗಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೆಯ ಕಲಮು ಪೊಲೀಸ್ ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದೆಂದಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ನಿಯಮ 23ನೆಯ ಕಲಮಾಗಿ ಉಳಿದಿದೆ. ಆ ಹುಡುಗನಿಗೆ ಇಂಥ ಆಸರೆ ಇರಲಿಲ್ಲ, ಡಿ.ಎನ್.ಎ. ಒಂದೇ ಇತ್ತು.

ಈಗ ನಿಜವಾದ ಅಪರಾಧಿಯನ್ನು ಹುಡುಕಬೇಕು. 1987ರ ಜನವರಿಯಲ್ಲಿ ಪೊಲೀಸರು ಹಿಂದೆಂದೂ ನಡೆಯದ ಒಂದು ಕೆಲಸಕ್ಕೆ ಕೈಹಾಕಿದರು. ಮೂರೂ ಗ್ರಾಮಗಳ ತರುಣರೆಲ್ಲ ತಾವಾಗಿ ಬಂದು ರಕ್ತ ಮತ್ತು ಜೊಲ್ಲಿನ ಮಾದರಿ ಕೊಡಬೇಕೆಂದು ಪತ್ರ ಬರೆದರು. ಬಲವಂತವಿಲ್ಲ. ಆದರೆ ಬಾರದವನನ್ನು ಊರು ಯಾವ ಕಣ್ಣಿನಿಂದ ನೋಡೀತು, ಯೋಚಿಸಿ! ಐದು ಸಾವಿರಕ್ಕೂ ಹೆಚ್ಚು ಗಂಡಸರು ಬಂದರು. ರಕ್ತದ ಗುಂಪು ಮತ್ತು ಕಿಣ್ವದ ಜರಡಿಯಲ್ಲಿ ಉಳಿದವರ ಡಿ.ಎನ್.ಎ.ಯನ್ನು ಮಾತ್ರ ಪರೀಕ್ಷಿಸಿದರು. ತಿಂಗಳುಗಳು ಕಳೆದವು. ಒಂದೂ ಹೊಂದಲಿಲ್ಲ.

ಇಲ್ಲಿ ನಮ್ಮಂಥ ದೂರದರ್ಶನದವರಿಗೆ ಒಂದು ಚಪಲ ಹುಟ್ಟುತ್ತದೆ. ಪರದೆಯ ಮೇಲೆ ಯಂತ್ರ ತೋರಿಸಿ, ಸಂಗೀತ ಏರಿಸಿ, ಗೆರೆಗೆ ಗೆರೆ ಕೂಡಿತು, ಕೊಲೆಗಾರ ಸಿಕ್ಕ ಎಂದು ಮುಗಿಸಿಬಿಡುವ ಚಪಲ. ಆದದ್ದು ಹಾಗಲ್ಲ.

1987ರ ಆಗಸ್ಟಿನಲ್ಲಿ ಲೆಸ್ಟರಿನ ಒಂದು ಪಬ್ಬಿನಲ್ಲಿ ಬೇಕರಿಯೊಂದರ ಕೆಲಸಗಾರರು ಹರಟುತ್ತ ಕುಳಿತಿದ್ದರು. ಮಾತಿನ ನಡುವೆ ಒಬ್ಬ, ತಾನು ಸಹೋದ್ಯೋಗಿಯೊಬ್ಬನ ಹೆಸರಿನಲ್ಲಿ ರಕ್ತ ಕೊಟ್ಟು ಬಂದೆನೆಂದು ಬಾಯಿಬಿಟ್ಟ. ಆ ಸಹೋದ್ಯೋಗಿಯ ಹೆಸರು ಕಾಲಿನ್ ಪಿಚ್‌ಫೋರ್ಕ್. ಲಿಟಲ್‌ಥಾರ್ಪ್‌ನ ನಿವಾಸಿ, ಹೆಂಡತಿ ಮಕ್ಕಳಿರುವವನು, ಕೇಕ್ ಅಲಂಕರಿಸುವುದರಲ್ಲಿ ನಿಪುಣ. ಹೆಂಗಸರ ಮುಂದೆ ಬೆತ್ತಲಾಗಿ ನಿಂತ ಅಪರಾಧಕ್ಕೆ ಅವನಿಗೆ ಹಿಂದೆ ಶಿಕ್ಷೆಯೂ ಆಗಿತ್ತು. ಏನೋ ಸುಳ್ಳು ಕಾರಣ ಹೇಳಿ, ತನ್ನ ಪಾಸ್‌ಪೋರ್ಟಿಗೆ ಗೆಳೆಯನ ಭಾವಚಿತ್ರ ಅಂಟಿಸಿ, ಪರೀಕ್ಷೆಗೆ ಕಳಿಸಿದ್ದ. ನೋಡಿ, ಇಷ್ಟೊಂದು ಸೂಕ್ಷ್ಮ ವಿಜ್ಞಾನಕ್ಕೆ ಮಣ್ಣೆರಚಲು ಒಂದು ಅಂಟಿಸಿದ ಭಾವಚಿತ್ರ ಸಾಕಾಯಿತು. ಪ್ರಯೋಗಾಲಯ ತನ್ನ ಕೈಗೆ ಬಂದ ರಕ್ತದ ಬಗ್ಗೆ ಸತ್ಯವನ್ನೇ ಹೇಳಿತ್ತು. ಆ ರಕ್ತ ಯಾರದೆಂಬುದು ಅದಕ್ಕೆ ಹೇಗೆ ತಿಳಿಯಬೇಕು?

ಮೇಜಿನ ಸುತ್ತ ಕುಳಿತವರಲ್ಲಿ ಒಬ್ಬ ಮಹಿಳೆಗೆ ಈ ಮಾತು ಮನಸ್ಸಿನಲ್ಲಿ ಕೊರೆಯತೊಡಗಿತು. ಜೊತೆಯಲ್ಲಿ ದುಡಿಯುವವನ ಮೇಲೆ ಕೊಲೆಯ ಸಂಶಯ ಹೊರಿಸುವುದು ಸುಲಭದ ಮಾತಲ್ಲ. ಸುಮಾರು ಆರು ವಾರ ತಡೆದು, ಕೊನೆಗೆ ಆಕೆ ಪೊಲೀಸರಿಗೆ ತಿಳಿಸಿದರು. 1987ರ ಸೆಪ್ಟೆಂಬರ್ 19ರಂದು ಪಿಚ್‌ಫೋರ್ಕ್‌ನನ್ನು ಬಂಧಿಸಿದರು. ಅವನದೇ ರಕ್ತವನ್ನು ಪರೀಕ್ಷಿಸಿದಾಗ ಗೆರೆಗಳು ಕೂಡಿದವು.

1988ರ ಜನವರಿ 22ರಂದು ಲೆಸ್ಟರ್ ನ್ಯಾಯಾಲಯದಲ್ಲಿ ಅವನು ಎರಡು ಕೊಲೆ, ಎರಡು ಅತ್ಯಾಚಾರಗಳನ್ನೂ, ಬೇರೆ ಇಬ್ಬರ ಮೇಲಿನ ಲೈಂಗಿಕ ಹಲ್ಲೆಯನ್ನೂ ಒಪ್ಪಿಕೊಂಡ. ಜೀವಾವಧಿ ಶಿಕ್ಷೆಯಾಯಿತು. ಡಿ.ಎನ್.ಎ. ಆಧಾರದಿಂದ ಕೊಲೆಗಾರನೊಬ್ಬನಿಗೆ ಶಿಕ್ಷೆಯಾದದ್ದು ಜಗತ್ತಿನಲ್ಲಿ ಅದೇ ಮೊದಲು. ಅವನ ಬದಲು ರಕ್ತ ಕೊಟ್ಟವನಿಗೂ ಶಿಕ್ಷೆ ವಿಧಿಸಿದರು, ಆದರೆ ಅದನ್ನು ಅಮಾನತಿನಲ್ಲಿಟ್ಟರು.

ಅದೇ 1988ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ ಲಾಲ್‌ಜಿ ಸಿಂಗ್ ಮತ್ತು ಸಂಗಡಿಗರು ತಮ್ಮದೇ ವಿಧಾನದಿಂದ ಈ ಪರೀಕ್ಷೆಯನ್ನು ಭಾರತಕ್ಕೆ ತಂದರು. ಅತ್ಯಾಚಾರದ ಆರೋಪಿಯ ವೈದ್ಯಕೀಯ ತಪಾಸಣೆಯಲ್ಲಿ ಡಿ.ಎನ್.ಎ. ಮಾದರಿ ತೆಗೆಯುವ ವಿಷಯ ನಮ್ಮ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ್ದು 2005ರ ತಿದ್ದುಪಡಿಯಲ್ಲಿ.

ಪಿಚ್‌ಫೋರ್ಕ್‌ನ ಕನಿಷ್ಠ ಶಿಕ್ಷೆ 30 ವರ್ಷವೆಂದು ಗೊತ್ತಾಗಿತ್ತು. 2009ರಲ್ಲಿ ಮೇಲ್ಮನವಿಯ ಮೇಲೆ ಅದು 28ಕ್ಕೆ ಇಳಿಯಿತು. 2021ರ ಸೆಪ್ಟೆಂಬರ್‌ನಲ್ಲಿ ಷರತ್ತುಗಳ ಮೇಲೆ ಅವನನ್ನು ಹೊರಗೆ ಬಿಟ್ಟರು. ಅವನ ನಡವಳಿಕೆಯ ಬಗ್ಗೆ ಆತಂಕ ಹುಟ್ಟಿ, ಎರಡೇ ತಿಂಗಳಲ್ಲಿ ಮತ್ತೆ ಸೆರೆಮನೆಗೆ ಕರೆಸಿಕೊಂಡರು.