ಮದೀನೆಯ ಮುನಾಫಿಕರು

ಮುನಾಫಿಕ್ ಎಂಬ ಅರಬ್ಬೀ ಪದಕ್ಕೆ ನಾವು ಕನ್ನಡದಲ್ಲಿ ಕಪಟಿ, ಸೋಗುಗಾರ ಎಂದು ಅರ್ಥ ಹೇಳಿ ಮುಗಿಸಿಬಿಡುತ್ತೇವೆ. ಅರಬ್ಬೀ ನಿಘಂಟುಕಾರರಾದರೋ ಈ ಪದವನ್ನು ಮರುಭೂಮಿಯ ಒಂದು ಜಾತಿಯ ಇಲಿಯ ಬಿಲದೊಡನೆ ಸಂಬಂಧ ಕಲ್ಪಿಸಿ ವಿವರಿಸುತ್ತಾರೆ. ಆ ಬಿಲಕ್ಕೆ ಕಣ್ಣಿಗೆ ಕಾಣುವ ಬಾಗಿಲೊಂದು, ತೆಳುವಾಗಿ ಮಣ್ಣು ಮುಚ್ಚಿದ ಗುಪ್ತ ಬಾಗಿಲು ಇನ್ನೊಂದು. ಅಪಾಯ ಬಂದಾಗ ಇಲಿ ತಲೆಯಿಂದ ಮಣ್ಣನ್ನು ಗುದ್ದಿ ಪಾರಾಗುತ್ತದೆ. ವಿಜ್ಞಾನ ಓದಿದ ನಮಗೆ ಈ ವ್ಯುತ್ಪತ್ತಿ ಬಹಳ ಹಿಡಿಸಿತು.

ಮಕ್ಕೆಯಲ್ಲಿ ಇಸ್ಲಾಮನ್ನು ಒಪ್ಪಿದವರಿಗೆ ಸಿಗುತ್ತಿದ್ದುದು ಏಟು ಮತ್ತು ಬಹಿಷ್ಕಾರ; ಅಲ್ಲಿ ಸೋಗು ಹಾಕಿ ಲಾಭವಿರಲಿಲ್ಲ. ಕ್ರಿ.ಶ. 622ರಲ್ಲಿ ಪೈಗಂಬರರು ಮದೀನೆಗೆ ಬಂದ ಮೇಲೆ ಸ್ಥಿತಿ ಬದಲಾಯಿತು. ಅಲ್ಲಿನ ಔಸ್ ಮತ್ತು ಖಜ್ರಜ್ ಕುಲಗಳು ತಮ್ಮತಮ್ಮಲ್ಲೇ ಹೊಡೆದಾಡಿ ಸುಸ್ತಾಗಿದ್ದವು. ಖಜ್ರಜ್ ಮುಖಂಡ ಅಬ್ದುಲ್ಲಾ ಇಬ್ನ್ ಉಬೈಗೆ ಪಟ್ಟ ಕಟ್ಟುವ ಸಿದ್ಧತೆಯೂ ನಡೆದಿತ್ತೆಂದು ಪರಂಪರೆ ಹೇಳುತ್ತದೆ. ಊರು ಪೈಗಂಬರರ ಕಡೆ ತಿರುಗಿದಾಗ ಈತನೂ ಮುಸ್ಲಿಮನಾದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಸಂಕಟ ಮಾತ್ರ ಹೋಗಲಿಲ್ಲ. 625ರಲ್ಲಿ ಉಹುದ್ ಯುದ್ಧಕ್ಕೆ ಹೊರಟ ಸುಮಾರು 1000 ಮಂದಿಯಲ್ಲಿ 300 ಮಂದಿಯನ್ನು ಕರೆದುಕೊಂಡು ಅರ್ಧದಾರಿಯಿಂದಲೇ ಹಿಂತಿರುಗಿದ.

ಇದಾದ ಒಂದೆರಡು ವರ್ಷಗಳಲ್ಲಿ, ಇನ್ನೊಂದು ದಂಡಯಾತ್ರೆಯಿಂದ ಮರಳುವಾಗ, ನೀರಿನ ಬಳಿ ಮಕ್ಕೆಯಿಂದ ವಲಸೆ ಬಂದವನೊಬ್ಬನಿಗೂ ಮದೀನೆಯವನೊಬ್ಬನಿಗೂ ಜಗಳವಾಯಿತು. ಊರು ಬಿಟ್ಟು ಊರಿಗೆ ಬಂದ ನಮ್ಮಂಥವರಿಗೆ ನಲ್ಲಿಯ ಮುಂದಿನ ಜಗಳವೇನು ಹೊಸದಲ್ಲ! ಇಬ್ನ್ ಉಬೈ ಅದನ್ನೇ ಹಿಡಿದು, ಮದೀನೆ ಸೇರಿದ ಕೂಡಲೇ ಮಾನವಂತರು ಈ ಅಲ್ಪರನ್ನು ಹೊರಗಟ್ಟಬೇಕೆಂಬರ್ಥದಲ್ಲಿ ಮಾತಾಡಿದ. ಜೈದ್ ಇಬ್ನ್ ಅರ್ಕಮ್ ಎಂಬ ಎಳೆಯ ಹುಡುಗ ಕೇಳಿಸಿಕೊಂಡ. ಮಾತು ಪೈಗಂಬರರಿಗೆ ಮುಟ್ಟಿತು. ಇಬ್ನ್ ಉಬೈ ಆಣೆಯಿಟ್ಟು ಅಲ್ಲಗಳೆದ. ದೊಡ್ಡ ಮನುಷ್ಯನ ಆಣೆಯ ಮುಂದೆ ಹುಡುಗನ ಮಾತು ನಡೆಯಲಿಲ್ಲ, ಅವನೇ ಸುಳ್ಳನಾದ. ಆಗ ಇಳಿದದ್ದೇ 63ನೆಯ ಅಧ್ಯಾಯ, 11 ವಚನಗಳ ‘ಅಲ್-ಮುನಾಫಿಕೂನ್’. ನೋಡಲು ಚೆಂದ, ಕೇಳಲು ಇಂಪು, ಆದರೆ ಇವರು ಗೋಡೆಗೆ ಒರಗಿಸಿಟ್ಟ ಮರದ ದಿಮ್ಮಿಗಳಿದ್ದಂತೆ ಎಂಬುದು ಅಲ್ಲಿನ ಹೋಲಿಕೆ. ಆಣೆಯನ್ನೇ ಗುರಾಣಿ ಮಾಡಿಕೊಂಡವರೆಂಬ ಮಾತೂ ಇದೆ. ಆದರೆ ಇಬ್ನ್ ಉಬೈಯ ಹೆಸರು ಇಲ್ಲ. ಮುನಾಫಿಕರನ್ನು ಕುರಿತ ಕುರಾನಿನ ಯಾವ ವಚನದಲ್ಲೂ ಅವರಲ್ಲೊಬ್ಬನ ಹೆಸರೂ ಇಲ್ಲ.

630ರ ತಬೂಕ್ ಯಾತ್ರೆಯ ಕಾಲಕ್ಕೆ ಬಿಸಿಲೆಂದು, ಇನ್ನೇನೋ ಎಂದು ನೆಪ ಹೇಳಿ ಉಳಿದವರ ಪ್ರಸಂಗ 9ನೆಯ ಅಧ್ಯಾಯದಲ್ಲಿದೆ. ಕಚೇರಿಯಲ್ಲಿ ರಜಾ ಅರ್ಜಿಗಳನ್ನು ಕಂಡವರು ಅದನ್ನು ಓದಿ ನಗದಿರಲಾರರು.

ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಚುರುಕು ಮುಟ್ಟಿಸುವುದು 107ನೆಯ ಪುಟ್ಟ ಅಧ್ಯಾಯ, ‘ಅಲ್-ಮಾಊನ್’. ಇರುವುದು ಏಳೇ ವಚನ. ಅನಾಥನನ್ನು ನೂಕುವವನು, ಜನ ನೋಡಲೆಂದು ನಮಾಜು ಮಾಡುವವನು, ನೆರೆಯವರಿಗೆ ಸಣ್ಣಪುಟ್ಟ ವಸ್ತುವನ್ನೂ ಕೊಡದವನು, ಎಲ್ಲರೂ ಒಂದೇ ಸಾಲಿನಲ್ಲಿ. ಮಾಊನ್ ಎಂದರೆ ಕೊಡಲಿ, ಪಾತ್ರೆ, ಕೊಡ ಮುಂತಾದ ಎರವಲು ಸಾಮಾನೆಂದು ಹಲವು ವ್ಯಾಖ್ಯಾನಕಾರರ ಅಭಿಪ್ರಾಯ.

ಇಬ್ನ್ ಉಬೈಯನ್ನು ಕೊಲ್ಲಲು ಉಮರರು ಅಪ್ಪಣೆ ಕೇಳಿದ್ದರು. ಮುಹಮ್ಮದ್ ತನ್ನ ಸಂಗಡಿಗರನ್ನೇ ಕೊಲ್ಲುತ್ತಾನೆಂದು ಜನ ಆಡಿಕೊಂಡಾರೆಂದು ಪೈಗಂಬರರು ತಡೆದರು. ಆತ 631ರಲ್ಲಿ ತೀರಿಕೊಂಡಾಗ ಹೊದಿಸಲು ತಮ್ಮ ಅಂಗಿಯನ್ನೇ ಕೊಟ್ಟು, ಪ್ರಾರ್ಥನೆಯನ್ನೂ ಸಲ್ಲಿಸಿದರು. ಅಂಥವರ ಗೋರಿಯ ಬಳಿ ಪ್ರಾರ್ಥಿಸಬಾರದೆಂಬ ವಚನ ಬಂದದ್ದು ಆಮೇಲೆ.

ಹೆಸರು ಹೇಳದೆ ಬಿಟ್ಟ ಈ ಪದಕ್ಕೆ ಇಂದು ಹೆಸರು ಅಂಟಿಸುವವರಿಗೆ ಬರವಿಲ್ಲ. ಇರಾನಿನಲ್ಲಿ 1979ರ ಕ್ರಾಂತಿಯ ನಂತರ ಸರ್ಕಾರ ತನ್ನ ವಿರೋಧಿಗಳಾದ ಮುಜಾಹಿದೀನ್-ಎ-ಖಲ್ಕ್ ಸಂಘಟನೆಯವರನ್ನು ಮುನಾಫಿಕರೆಂದೇ ಕರೆಯಿತು. 1988ರಲ್ಲಿ ಅವರಲ್ಲಿ ಸಾವಿರಾರು ಕೈದಿಗಳು ಗಲ್ಲಿಗೇರಿದರು. ಎದೆಯೊಳಗಿನದನ್ನು ಕುರಿತ ಪದವೊಂದು ಸರ್ಕಾರಿ ಕಡತ ಸೇರಿದರೆ ಏನಾಗುತ್ತದೆಂಬುದನ್ನು ಇಂದಿನ ಮುಸ್ಲಿಮರು ಇಲ್ಲಿ ಗಮನಿಸಬೇಕು.

ಮುನಾಫಿಕರ ಹೆಸರುಗಳನ್ನು ಪೈಗಂಬರರು ಗುಟ್ಟಾಗಿ ತಿಳಿಸಿದ್ದು ಹುಜೈಫಾ ಎಂಬ ಸಂಗಡಿಗರಿಗೆ ಎಂದು ಪರಂಪರೆ ಹೇಳುತ್ತದೆ. ಉಮರರು ಖಲೀಫರಾದ ಮೇಲೆ ಇವರನ್ನು ಕರೆದು, ಆ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ಕೇಳಿದರಂತೆ. ಹುಜೈಫಾ ಇಲ್ಲವೆಂದರು, ಇನ್ನಾರು ಕೇಳಿದರೂ ಹೇಳುವುದಿಲ್ಲವೆಂದೂ ಸೇರಿಸಿದರು.